ಎಷ್ಟು ರಾತ್ರಿ ದೂರ?

ನಮ್ಮಮ್ಮ ದೂರವನ್ನು ಅಳೆಯೋದು ರಾತ್ರಿಗಳಲ್ಲಿ. ನಂಜನಗೂಡಿನಿಂದ ಮಂತ್ರಾಲಯ ಒಂದು ರಾತ್ರಿ. ಕಾಶಿ ಎರಡು ರಾತ್ರಿ. ಮೈಸೂರಿಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು, ಹಾಗಾಗಿ ಅದು ದೂರದ ಲೆಕ್ಕಕ್ಕೇ ಇಲ್ಲ. 2023ರ ಜನವರಿಯಲ್ಲಿ ಅವಳನ್ನು ಕ್ಯಾಲಿಫೋರ್ನಿಯಾಗೆ ಕರೆದುಕೊಂಡು ಹೋಗೋಣ ಅಂತ ನಾನು ಊರಿಗೆ ಬಂದಿದ್ದೆ. ಟಿಕೆಟ್ ತೋರಿಸಿದಾಗ ಅವಳು ಕೇಳಿದ್ದು ಇಷ್ಟೇ: “ನಿಮ್ಮೂರು ಎಷ್ಟು ರಾತ್ರಿ ದೂರ?”

“ಹದಿನಾರು ಗಂಟೆ ಅಮ್ಮ. ಬೆಂಗಳೂರಲ್ಲಿ ಹತ್ತಿದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇಳಿಯೋದು. ಮಧ್ಯೆ ಎಲ್ಲೂ ನಿಲ್ಲಲ್ಲ.”

“ಗಂಟೆ ಬೇಡ. ರಾತ್ರಿ ಹೇಳು.”

ಹೇಳೋಕೆ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. 2004ರಲ್ಲಿ ಮೊದಲ ಸಲ ಹೋದಾಗ ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಿಂದ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸಿ, ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಪ್ರಯಾಣ ಮಾಡಿದ್ದೆ. ಆದರೆ ನಡುವೆ ಎಷ್ಟು ರಾತ್ರಿ ಬಂತು ಅಂತ ಒಂದು ಸಲವೂ ಎಣಿಸಿರಲಿಲ್ಲ. ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ಆರು ತಿಂಗಳು ಬೇಕಾಯ್ತು. ಅದರ ಕಥೆ ಇದು.

ಮೊದಲು ಕಿಲೋಮೀಟರ್ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಫೋನಲ್ಲಿ ಹುಡುಕಿದರೆ ಸುಮಾರು 13,990 ಕಿಲೋಮೀಟರ್ ಅಂತ ಬರುತ್ತೆ. ಲೆಕ್ಕ ಸರಿ ಇದೆ. ಆದರೆ ಅದು ಯಾವ ದಾರಿ ಅಂತ ಯಾರೂ ಹೇಳಲ್ಲ. ಅಣ್ಣನ ಮಗಳ ಹತ್ತಿರ ಒಂದು ಪುಟ್ಟ ಗ್ಲೋಬ್ ಇತ್ತು. ಅಮ್ಮ ಹೂ ಕಟ್ಟುತ್ತಾ ಕೂತಿದ್ದಳು. ಅವಳ ಉಂಡೆಯಿಂದಲೇ ಒಂದು ಗೇಣು ದಾರ ತಗೊಂಡೆ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅವಳ ಹೆಬ್ಬೆರಳಲ್ಲಿ ಒತ್ತಿಸಿದೆ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ನಾನು ಹಿಡಿದೆ. ಮೊದಲು ದಾರವನ್ನು ಜಪಾನಿನ ಮೇಲೆ ಹಾಯಿಸಿದ್ದೆ, ಶಾಲೆಯ ನಕ್ಷೆಯಲ್ಲಿ ನೋಡಿದ ಹಾಗೆ. ಬಿಗಿಯಾಗಿ ಎಳೆದೆವು. ದಾರ ತಾನಾಗಿಯೇ ಜಾರಿ ಮೇಲಕ್ಕೆ ಹೋಯ್ತು. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಅದರಾಚೆಯ ಹಿಮಸಮುದ್ರ, ಅಲಾಸ್ಕಾ. ಅಲ್ಲಿಂದ ಇಳಿದು ಕ್ಯಾಲಿಫೋರ್ನಿಯಾ.

“ಇದೇನು, ಉತ್ತರಕ್ಕೆ ಹೋಗುತ್ತೆ?” ಅಂದಳು ಅಮ್ಮ. ಅಮೆರಿಕ ಪಶ್ಚಿಮದ ದೇಶ ಅಂತ ಅವಳು ಜೀವಮಾನವೆಲ್ಲ ಕೇಳಿದ್ದಾಳೆ. ದಾರ ಮಾತ್ರ ಪಶ್ಚಿಮಕ್ಕೂ ಹೋಗಲಿಲ್ಲ, ಪೂರ್ವಕ್ಕೂ ಹೋಗಲಿಲ್ಲ. ನೆತ್ತಿಯ ಹತ್ತಿರ ಹತ್ತಿ ಇಳಿಯಿತು. ಎರಡೂ ಊರು ಭೂಮಿಯ ಎದುರುಬದುರು ಬಗಲಲ್ಲಿ ಇರೋದರಿಂದ ಹಾಗೆ. ರೇಖಾಂಶದ ಲೆಕ್ಕದಲ್ಲಿ ಅವುಗಳ ನಡುವೆ 160 ಡಿಗ್ರಿ ಅಂತರ. ಇನ್ನೊಂದು 20 ಡಿಗ್ರಿ ಇದ್ದಿದ್ದರೆ ದಾರ ಸರಿಯಾಗಿ ಧ್ರುವದ ಮೇಲೆಯೇ ಹಾಯುತ್ತಿತ್ತು.

ಆದರೆ ವಿಮಾನ ಆ ದಾರದ ಮೇಲೆ ಹೋಗೋದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ತಟ್ಟನೆ ಬಿದ್ದರೆ ಪೈಲಟ್ ಉಸಿರಾಡಬಹುದಾದ 3,000 ಮೀಟರಿಗೆ ಬೇಗ ಇಳಿಸಬೇಕು. ಅಲ್ಲಿ ಇಳಿಯೋಕೆ ಜಾಗವೇ ಇಲ್ಲ, ಕೆಳಗೆ ಬೆಟ್ಟ. ಹಾಗಾಗಿ ಸುತ್ತಿ ಹೋಗುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಗಾಳಿ.

ಒಂಬತ್ತು, ಹತ್ತು, ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನಿನ ಮೇಲೆ, ಅದರ ರಭಸ ಗಂಟೆಗೆ 200 ಕಿಲೋಮೀಟರ್ ದಾಟುತ್ತೆ. ಇದನ್ನು ಮೊದಲು ಅಳೆದವರು ವಾಸಾಬುರೋ ಓಯಿಶಿ ಅನ್ನೋ ಜಪಾನಿನ ಹವಾಮಾನ ತಜ್ಞ. 1920ರ ದಶಕದಲ್ಲಿ ತಾತೆನೋ ಅನ್ನೋ ಊರಲ್ಲಿ ಒಂದೊಂದೇ ಬಲೂನು ಬಿಟ್ಟು, ಅದು ಎತ್ತ ಹೋಗುತ್ತೆ ಅಂತ ದೂರದರ್ಶಕದಲ್ಲಿ ನೋಡುತ್ತಾ ಬರೆದಿಟ್ಟರು. ಇಡೀ ಲೋಕಕ್ಕೆ ತಲುಪಲಿ ಅಂತ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು. ಓದಿದವರು ಬಹಳ ಕಡಿಮೆ. ಆ ಮನುಷ್ಯನನ್ನು ನೆನೆದರೆ ನನಗೆ ಪ್ರತಿ ಸಲ ಸಂಕಟವಾಗುತ್ತೆ. ಇವತ್ತು ಪೆಸಿಫಿಕ್ ದಾಟಿ ಪೂರ್ವಕ್ಕೆ ಹೋಗುವವರು ಅವರು ಕಂಡ ಹೊಳೆಯಲ್ಲೇ ತೇಲಿ ಹೋಗೋದು, ಅಲ್ವಾ?

ಇದರ ಲಾಭ ಎಷ್ಟು ಅನ್ನೋಕೆ ಒಂದು ಉದಾಹರಣೆ ಸಾಕು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ 15,300 ಕಿಲೋಮೀಟರ್ ಆಯ್ತು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಮೊದಲಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಬೇಗ. ಸಾವಿರದ ನಾನ್ನೂರು ಕಿಲೋಮೀಟರ್ ಜಾಸ್ತಿ ಹೋಗಿ ಬೇಗ ತಲುಪೋದು! ಆದ್ದರಿಂದಲೇ ಎರಡು ಊರಿಗೆ ಒಂದೇ ದೂರ, ಒಂದೇ ಹೊತ್ತು ಅಂತ ಬರೆದಿರುವ ಪುಟಗಳನ್ನು ನೋಡಿದರೆ ನನಗೆ ಸಮಾಧಾನ ಆಗಲ್ಲ. ಯಾವ ತಿಂಗಳು, ಯಾವ ಕಡೆಗೆ ಅಂತ ಕೇಳಬೇಕು.

ಅಮ್ಮ ಇದನ್ನೆಲ್ಲ ಕೇಳಿ, ದಾರವನ್ನು ವಾಪಸ್ ತಗೊಂಡು, ಅದರಲ್ಲೇ ನಾಲ್ಕು ಹೂ ಕಟ್ಟಿದಳು. ಆಮೇಲೆ ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದು ಹೊರಡುವ ದಿನ ನೋಡಿದಳು. ಫೆಬ್ರವರಿ 1, ಬುಧವಾರ. ಮಾಘ ಶುದ್ಧ ಏಕಾದಶಿ. ಭೀಷ್ಮ ಏಕಾದಶಿ.

ನನಗೆ ಕೈಕಾಲು ತಣ್ಣಗಾಯ್ತು. ಟಿಕೆಟ್ ತೆಗೆಯುವಾಗ ದರ ನೋಡಿದ್ದೆ, ನನ್ನ ರಜೆ ನೋಡಿದ್ದೆ, ತಿಥಿ ನೋಡಿರಲಿಲ್ಲ. ಎಪ್ಪತ್ತೆರಡು ವರ್ಷದ ಅಮ್ಮ ಮದುವೆಯಾದಾಗಿನಿಂದ ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ. ಈಗ ಹಾಲು, ಹಣ್ಣು ತಗೊಳ್ಳುತ್ತಾಳೆ, ಅಷ್ಟೇ. ದಿನ ಬದಲಾಯಿಸಲಾ ಅಂತ ಕೇಳಿದೆ.

“ಬೇಡ. ಉಪವಾಸ ಎಲ್ಲಿದ್ದರೂ ಮಾಡಬಹುದು. ಪಾರಣೆ ಯಾವಾಗ ಅಂತ ಮಾತ್ರ ಹೇಳು.”

ಗೊತ್ತಿಲ್ಲದವರಿಗೆ ಒಂದು ಮಾತು. ಏಕಾದಶಿ ಉಪವಾಸ ಇದ್ದರೆ ಸಾಲದು. ಮರುದಿನ ಸೂರ್ಯೋದಯ ಆದಮೇಲೆ, ದ್ವಾದಶಿ ತಿಥಿ ಮುಗಿಯೋದರೊಳಗೆ ಉಪವಾಸ ಮುರಿಯಬೇಕು. ಅದೇ ಪಾರಣೆ. ಹೊತ್ತು ಮೀರಿದರೆ ವ್ರತ ಕೆಟ್ಟ ಹಾಗೆ. ಭಾಗವತದಲ್ಲಿ ಅಂಬರೀಷನ ಕಥೆ ಇರೋದೇ ಇದರ ಮೇಲೆ. ದೂರ್ವಾಸರು ಸ್ನಾನಕ್ಕೆ ಹೋಗಿ ಬರಲೇ ಇಲ್ಲ. ದ್ವಾದಶಿ ಮುಗಿಯುತ್ತಾ ಬಂತು. ಅತಿಥಿಗೆ ಬಡಿಸದೆ ಉಣ್ಣೋ ಹಾಗಿಲ್ಲ, ಉಣ್ಣದೆ ಇರೋ ಹಾಗೂ ಇಲ್ಲ. ಕೊನೆಗೆ ಅಂಬರೀಷ ಬರೀ ನೀರು ಕುಡಿದು ಪಾರಣೆ ಮಾಡಿದ.

ಅವತ್ತು ರಾತ್ರಿ ಅಡುಗೆಮನೆಯ ಕಟ್ಟೆ ಮೇಲೆ ಹಾಳೆ ಇಟ್ಟುಕೊಂಡು ನಾವಿಬ್ಬರೂ ಲೆಕ್ಕ ಹಾಕಿದೆವು. ಏಕಾದಶಿ ತಿಥಿ ಮುಗಿಯೋದು 1ನೇ ತಾರೀಖು ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ. ವಿಮಾನ ಹೊರಡೋದು ಎರಡೂವರೆ ಹತ್ತಿರ. ದ್ವಾದಶಿ ಮುಗಿಯೋದು 2ನೇ ತಾರೀಖು ಸಂಜೆ ನಾಲ್ಕೂವರೆ ಸುಮಾರಿಗೆ. ಊರಲ್ಲಿದ್ದರೆ ಯೋಚನೆಯೇ ಇರಲಿಲ್ಲ, ಗುರುವಾರ ಬೆಳಿಗ್ಗೆ ಪಾರಣೆ. ಆದರೆ ಗುರುವಾರ ಬೆಳಗಾಗೋದು ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನ ನನ್ನ ಮನೆಯಲ್ಲಿದ್ದಾಗ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ನಾಲ್ಕೂವರೆ ಅಂದರೆ ಅಲ್ಲಿ ಗುರುವಾರ ಬೆಳಗಿನ ಜಾವ ಮೂರು ಗಂಟೆ. ಅಂದರೆ ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ದ್ವಾದಶಿ ಹೋಗಿ ತ್ರಯೋದಶಿ ಬಂದಿರುತ್ತೆ.

ನಾನು ಪೆನ್ ಕೆಳಗಿಟ್ಟೆ. ಅಮ್ಮ ಇಡಲಿಲ್ಲ. “ಅಲ್ಲಿಗೆ ಹೋಗೋ ಮುಂಚೆ ದಾರಿಯಲ್ಲಿ ಬೆಳಗಾಗಲ್ವಾ?” ಅಂದಳು.

ನನಗೆ ಹೊಳೆದೇ ಇರಲಿಲ್ಲ. ಬೆಳಗಾಗುತ್ತೆ. ಪೂರ್ವಕ್ಕೆ ಹೋಗುವ ವಿಮಾನ ಸೂರ್ಯನಿಗೆ ಎದುರಾಗಿ ಹೋಗುತ್ತೆ. ಹೊರಟು ಸುಮಾರು ಹತ್ತು ಗಂಟೆಗೆ, ಪೆಸಿಫಿಕ್ ಸಮುದ್ರದ ನಟ್ಟನಡುವೆ ಸೂರ್ಯೋದಯ. ಬೆಂಗಳೂರಿನ ಗಡಿಯಾರದಲ್ಲಿ ಆಗ ನಡುರಾತ್ರಿ ಕಳೆದು ಮುಕ್ಕಾಲು ಗಂಟೆ. ದ್ವಾದಶಿ ಇರುತ್ತೆ. ಅವಳ ಪಾಲಿಗೆ ದ್ವಾದಶಿಯಲ್ಲಿ ಬರುವ ಸೂರ್ಯೋದಯ ಅದೊಂದೇ, ಅದೂ ನೀರಿನ ಮೇಲೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ.

ತಿಥಿ ಅನ್ನೋದು ಎಷ್ಟು ಗಟ್ಟಿ ವಸ್ತು ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಚಂದ್ರ ಒಮ್ಮೆ ಬೇಗ, ಒಮ್ಮೆ ನಿಧಾನ, ಹಾಗಾಗಿ ಕೆಲವು ತಿಥಿ 20 ಗಂಟೆ, ಕೆಲವು 26 ದಾಟುತ್ತೆ. ಆದರೆ ತಿಥಿ ಬದಲಾಗುವ ಕ್ಷಣ ನಂಜನಗೂಡಿಗೂ ಫ್ರೀಮಾಂಟಿಗೂ ಸಮುದ್ರದ ಮೇಲಿನ ವಿಮಾನಕ್ಕೂ ಒಂದೇ. ಊರಿಂದ ಊರಿಗೆ ಬದಲಾಗೋದು ಸೂರ್ಯೋದಯ ಮಾತ್ರ. ಆ ವ್ಯತ್ಯಾಸಕ್ಕೆ ಹಳೇ ಜ್ಯೋತಿಷಿಗಳು ಉಜ್ಜಯಿನಿಯ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಅಂತ ನೋಡಿ ತಿದ್ದುಪಡಿ ಮಾಡುತ್ತಿದ್ದರು. ಅದರ ಹೆಸರು ದೇಶಾಂತರ. ಊರು ಬಿಟ್ಟು ಹೋದವರನ್ನು ನಾವು “ದೇಶಾಂತರ ಹೋದ” ಅಂತೀವಲ್ಲ, ಅದೇ ಮಾತು. ನಾನು ಇಪ್ಪತ್ತು ವರ್ಷ ಹೊತ್ತಿರೋ ಮಾತು.

ಹೊರಡುವ ದಿನ ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟೆವು. ನಂಜನಗೂಡಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 200 ಕಿಲೋಮೀಟರ್. ಅಷ್ಟಕ್ಕೇ ಐದು ಗಂಟೆ ಹಿಡಿಯಿತು. ಅದೇ ವೇಗದಲ್ಲಿ ಅಮೆರಿಕದ ತನಕ ಹೋಗಬೇಕಿದ್ದರೆ ಹದಿನೈದು ದಿನ ಬೇಕಿತ್ತು.

ವಿಮಾನ ಬೋಯಿಂಗ್ 777-200ಎಲ್‌ಆರ್. ದೂರ ಹೋಗೋಕೆ ಅಂತಲೇ ಕಟ್ಟಿದ್ದು. ತೊಟ್ಟಿಗಳೆಲ್ಲ ತುಂಬಿದರೆ 1,80,000 ಲೀಟರಿಗಿಂತ ಜಾಸ್ತಿ ಇಂಧನ ಹಿಡಿಯುತ್ತೆ. ಬೆಂಗಳೂರಿನಿಂದ ಇಷ್ಟು ಭಾರ ಎತ್ತೋದು ಸುಲಭದ ಕೆಲಸ ಅಲ್ಲ. ನಿಲ್ದಾಣವೇ ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಹಿಡಿತ ಕಡಿಮೆ. ಓಡುದಾರಿ ನಾಲ್ಕು ಕಿಲೋಮೀಟರ್ ಉದ್ದ ಇರೋದು ಇಂಥ ಹೊತ್ತಿಗೇ ಬೇಕಾಗುತ್ತೆ. ನಾವು ಓಡಿದ್ದೇ ಓಡಿದ್ದು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು “ಇನ್ನೂ ಏಳಲಿಲ್ವಲ್ಲ” ಅಂದಳು. ಆಮೇಲೆ ಎದ್ದಿತು.

ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಹೊರಗೆ ಕತ್ತಲು. ಬೆಂಗಳೂರಲ್ಲಿ ಆಗ ಬಿಸಿಲು ಇನ್ನೂ ಇರಬೇಕು, ಸಂಜೆ ಐದು ಗಂಟೆ ಅಷ್ಟೇ. ಅಮ್ಮ ಗಡಿಯಾರ ನೋಡಿ, ಕಿಟಕಿ ನೋಡಿ, “ಒಂದು ರಾತ್ರಿ ಶುರು” ಅಂದಳು. ಊಟ ಬಂದಾಗ ಬೇಡ ಅಂದಳು. ಬಿಸಿ ಹಾಲು ಕೇಳಿದಳು, ಪಾಪ, ಆ ಹುಡುಗಿ ಎರಡು ಲೋಟ ತಂದುಕೊಟ್ಟಳು. ಚೀಲದಲ್ಲಿ ನಮ್ಮೂರಿನ ರಸಬಾಳೆ ನಾಲ್ಕು ಇದ್ದವು. ಎರಡನ್ನು ಆಗ ತಿಂದಳು. ಎರಡನ್ನು ಇಟ್ಟುಕೊಂಡಳು. ಅಮೆರಿಕದೊಳಗೆ ಹಣ್ಣು ತರುವ ಹಾಗಿಲ್ಲ, ಇಳಿಯೋದರೊಳಗೆ ಮುಗಿಸಬೇಕು ಅಂತ ಮೊದಲೇ ಹೇಳಿದ್ದೆ.

ಮುಂದಿನ ಪರದೆಯಲ್ಲಿ ನಕ್ಷೆ ಓಡುತ್ತಿತ್ತು. ಜಪಾನ್ ದಾಟುವಾಗ ನೆಲದ ಮೇಲಿನ ವೇಗ ಗಂಟೆಗೆ 1,100 ಕಿಲೋಮೀಟರ್ ಮುಟ್ಟಿತು. ವಿಮಾನದ ಸ್ವಂತ ವೇಗ 900 ಸುಮಾರು. ಉಳಿದ 200 ಓಯಿಶಿಯವರ ಹೊಳೆ ಕೊಟ್ಟಿದ್ದು. ಅಮ್ಮ ನಿದ್ದೆ ಮಾಡಲಿಲ್ಲ. ಬಾಯಲ್ಲಿ ವಿಷ್ಣುಸಹಸ್ರನಾಮ ನಡೆದಿತ್ತು. ಶರಶಯ್ಯೆಯಲ್ಲಿ ಮಲಗಿದ್ದ ಭೀಷ್ಮ ಧರ್ಮರಾಜನಿಗೆ ಹೇಳಿಕೊಟ್ಟಿದ್ದು ಅದು. ಅವನ ಏಕಾದಶಿಯಂದು ಅದು ತಪ್ಪಬಾರದು ಅಂತ ಅವಳ ಹಟ.

ಬೆಳಕು ಬರುವ ಹೊತ್ತಿಗೆ ನಕ್ಷೆಯಲ್ಲಿ ವಿಮಾನ ದಿನಾಂಕ ರೇಖೆಯ ಹತ್ತಿರವೇ ಇತ್ತು. ಅದನ್ನು ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತೆ. ಒಳಗೆ ಎಲ್ಲರೂ ಮಲಗಿದ್ದರು, ಕಿಟಕಿಗಳೆಲ್ಲ ಮುಚ್ಚಿದ್ದವು. ಅಮ್ಮ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಎತ್ತಿದಳು. ಮೊದಲು ಒಂದು ಕೆಂಪು ಗೆರೆ. ಕೆಳಗೆ ಮೋಡ, ಹಿಂಜಿದ ಅರಳೆಯ ಹಾಗೆ, ಬೂದಿ ಬಣ್ಣ. ಗೆರೆ ಅಗಲ ಆಯ್ತು. ಆಮೇಲೆ ಒಂದೇ ಸಲಕ್ಕೆ ಸೂರ್ಯನ ಅಂಚು, ಬೆಳಕು ಅವಳ ಮೂಗುತಿಗೆ ತಾಕಿತು. ಸೀಟಿನಲ್ಲಿ ಕೂತಂತೆಯೇ ಕೈ ಮುಗಿದಳು. ಸೆರಗಿನ ಗಂಟಿನಿಂದ ಕುಂಕುಮದ ಭರಣಿಯಷ್ಟು ಸಣ್ಣ ಬೆಳ್ಳಿ ಡಬ್ಬಿ ತೆಗೆದಳು. ಅದರಲ್ಲಿ ಐದು ತುಳಸಿ ದಳ. ದ್ವಾದಶಿ ದಿನ ತುಳಸಿ ಕೀಳಬಾರದು ಅಂತ ದಶಮಿಯಂದೇ ಕಿತ್ತು ಇಟ್ಟಿದ್ದಳು, ಬಾಡಿ ಕಪ್ಪಗಾಗಿದ್ದವು. ನಾನು ಕಾಗದದ ಲೋಟದಿಂದ ಅವಳ ಅಂಗೈಗೆ ನೀರು ಬಿಟ್ಟೆ. ಮೂರು ಸಲ ತಗೊಂಡಳು. ಒಂದು ಹನಿಯೂ ಚೆಲ್ಲಲಿಲ್ಲ.

“ಅಂಬರೀಷನೂ ಇಷ್ಟೇ ಮಾಡಿದ್ದು” ಅಂದಳು. ಆಮೇಲೆ ರಸಬಾಳೆ ಸುಲಿದು ಅರ್ಧ ನನಗೆ ಕೊಟ್ಟಳು. ಆ ಹಣ್ಣಿನ ಸಿಪ್ಪೆ ಕಾಗದದಷ್ಟು ತೆಳು, ವಾಸನೆ ಮೂರು ಸಾಲಿಗೆ ಹೋಗುತ್ತೆ. ಹಿಂದಿನ ಸೀಟಿನಲ್ಲಿ ಯಾರೋ ನಿದ್ದೆಗಣ್ಣಲ್ಲಿ ಕನ್ನಡದಲ್ಲೇ “ಬಾಳೆಹಣ್ಣಾ?” ಅಂದರು. ಕೊನೆಯ ಹಣ್ಣು ಅವರಿಗೆ ಹೋಯ್ತು.

ಸಂಜೆ ಐದಕ್ಕೆ ಇಳಿದೆವು. ಅದೇ ಫೆಬ್ರವರಿ 1, ಅದೇ ಬುಧವಾರ. ಸಾಮಾನು ತಗೊಂಡು ಹೊರಗೆ ಬರುವಷ್ಟರಲ್ಲಿ ಸೂರ್ಯ ಮತ್ತೆ ಮುಳುಗಿದ್ದ. ಒಂದೇ ತಾರೀಖಿನಲ್ಲಿ ಅಮ್ಮ ಎರಡು ಸಲ ಬೆಳಗಾಗಿದ್ದು ನೋಡಿದಳು, ಎರಡು ಸಲ ಸಂಜೆಯಾಗಿದ್ದೂ ಕಂಡಳು. ಆ ಬುಧವಾರ ಅವಳಿಗೆ ಮೂವತ್ತೇಳೂವರೆ ಗಂಟೆ ಉದ್ದ ಇತ್ತು. ಉಪವಾಸ ಮಾತ್ರ ಇಪ್ಪತ್ನಾಲ್ಕಲ್ಲ, ಹದಿನೆಂಟು ಗಂಟೆಗೇ ಮುಗಿದಿತ್ತು. ಪಂಚಾಂಗದ ಅಂಚಿನಲ್ಲಿ ಪೆನ್ಸಿಲಲ್ಲಿ ಬರೆದಳು: “ಪಾರಣೆ — ಸಮುದ್ರದ ಮೇಲೆ. ದೂರ — ಒಂದು ರಾತ್ರಿ, ಚಿಕ್ಕದು.” ಅದರ ಕೆಳಗೆ: “ಹದಿಮೂರೂವರೆ ಗಂಟೆ ಬಂತು.”

“ಬಂತು ಅಂದ್ರೆ?”

“ಜಾಸ್ತಿ ಕೊಟ್ಟಿದ್ದಾರಲ್ಲ. ಲೆಕ್ಕ ಇರಲಿ.”

ಅಮ್ಮ ಮೂವತ್ತು ವರ್ಷ ಹಾಲಿನವನ ಲೆಕ್ಕ ಬರೆದವಳು. ಬಂದಿದ್ದೂ ಹೋಗಿದ್ದೂ ತಾಳೆಯಾಗದೆ ಅವಳಿಗೆ ನಿದ್ದೆ ಬರಲ್ಲ.

ಈ ಗೊಂದಲ ನಮ್ಮಿಂದ ಶುರುವಾಗಿದ್ದಲ್ಲ. ಮೆಗೆಲ್ಲನ್ ಅನ್ನೋ ನಾವಿಕನ ಜೊತೆ ಹೊರಟು ಭೂಮಿ ಸುತ್ತಿ ಬಂದವರಲ್ಲಿ ಪಿಗಾಫೆಟ್ಟಾ ಅನ್ನೋ ಇಟಲಿಯವನೊಬ್ಬ ಇದ್ದ. ದಿನವೂ ತಪ್ಪದೆ ದಿನಚರಿ ಬರೆದ. ಮೂರು ವರ್ಷವಾಗುತ್ತಾ ಬಂದಾಗ, 1522ರ ಜುಲೈನಲ್ಲಿ, ಕೇಪ್ ವರ್ಡ್ ದ್ವೀಪಕ್ಕೆ ಬಂದರು. ಇವನ ಲೆಕ್ಕದಲ್ಲಿ ಅವತ್ತು ಬುಧವಾರ. ದಡದವರು ಗುರುವಾರ ಅಂದರು. ಎಲ್ಲಿ ತಪ್ಪಿದೆ ಅಂತ ಅವನಿಗೆ ಅರ್ಥವೇ ಆಗಲಿಲ್ಲ, ಯಾಕೆಂದರೆ ಅವನು ತಪ್ಪಿರಲಿಲ್ಲ. ಸೂರ್ಯನ ಹಿಂದೆಯೇ ಪಶ್ಚಿಮಕ್ಕೆ ಹೋಗಿ ಹೋಗಿ ಪ್ರತಿ ದಿನವೂ ಚೂರು ಚೂರು ಉದ್ದವಾಗಿ, ಕೊನೆಗೆ ಒಂದು ದಿನವೇ ಲೆಕ್ಕದಿಂದ ಜಾರಿತ್ತು. ಇದನ್ನು ಹೇಳಿದಾಗ ಅಮ್ಮ ಪಿಗಾಫೆಟ್ಟಾನ ಪರ ನಿಂತಳು. ಪೆಸಿಫಿಕ್ ಸಮುದ್ರದ ಸಮೋವಾ ದೇಶ ದಿನಾಂಕ ರೇಖೆಯ ಈ ಕಡೆಯಿಂದ ಆ ಕಡೆಗೆ ಬರೋಕೆ ಅಂತ 2011ರ ಡಿಸೆಂಬರ್ 30 ಅನ್ನೇ ಬಿಟ್ಟುಬಿಟ್ಟಿತು ಅಂದೆ. ಅದು ಶುಕ್ರವಾರ. “ವರ್ಷದ ಕೊನೇ ಶುಕ್ರವಾರ ಬಿಡೋದಾ!” ಅಂತ ತುಂಬ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದಳು. ಲಕ್ಷ್ಮಿಪೂಜೆ ಇಲ್ಲದ ವಾರ ಅವಳಿಗೆ ಊಹೆಗೂ ಬಾರದ್ದು.

ಮಾರ್ಚ್ 12ರ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ರಾತ್ರಿ ಎರಡು ಗಂಟೆಯಿಂದ ನೇರ ಮೂರಕ್ಕೆ. ಬೆಳಿಗ್ಗೆ ಎದ್ದ ಅಮ್ಮನಿಗೆ ಫೋನ್ ಒಂದು ಹೊತ್ತು ಹೇಳಿತು, ಅಡುಗೆಮನೆಯ ಗಡಿಯಾರ ಇನ್ನೊಂದು ಹೇಳಿತು. ಕಾರಣ ಹೇಳಿದೆ. ಪಂಚಾಂಗ ತಂದು ಬರೆದುಕೊಂಡಳು: “ಒಂದು ಗಂಟೆ ಹೋಯ್ತು.”

ವಾಪಸ್ ಹೋಗುವ ದಿನವನ್ನು ಈ ಸಲ ಅವಳೇ ಆರಿಸಿದಳು. ಜೂನ್ 29 ಆಷಾಢದ ಪ್ರಥಮ ಏಕಾದಶಿ. ಅವತ್ತು ಮಠದಲ್ಲಿ ತಪ್ತಮುದ್ರಾಧಾರಣೆ. ಶಂಖ ಚಕ್ರದ ಮುದ್ರೆಯನ್ನು ಬಿಸಿ ಮಾಡಿ ತೋಳಿಗೆ ಒತ್ತಿಸಿಕೊಳ್ಳೋದು. ಅದಕ್ಕೆ ಊರಲ್ಲಿರಬೇಕು. 23ರ ಶುಕ್ರವಾರ ರಾತ್ರಿಯ ವಿಮಾನ ಅಂತ ಆಯ್ತು. ನನಗೆ ಜೊತೆಗೆ ಹೋಗೋಕೆ ರಜೆ ಇರಲಿಲ್ಲ.

ಅಷ್ಟರಲ್ಲಿ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದ ವಿಮಾನದ ಎಂಜಿನ್‌ನಲ್ಲಿ ತೊಂದರೆಯಾಗಿ, ಅದು ರಷ್ಯಾದ ಮಗದಾನ್ ಅನ್ನೋ ಊರಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಬೇರೆ ವಿಮಾನ ಬಂದು ಅವರನ್ನು ಕರೆದುಕೊಂಡು ಹೋಗಿದ್ದು 8ನೇ ತಾರೀಖು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಕನ್ನಡ ವಾರ್ತೆಯಲ್ಲಿ ಅದನ್ನು ನೋಡಿಬಿಟ್ಟಳು. ನನ್ನ ಮಗನ ಗ್ಲೋಬಿನಲ್ಲಿ ಮಗದಾನ್ ಹುಡುಕಿಸಿದಳು. ನಾವು ಎಳೆದಿದ್ದ ದಾರಕ್ಕಿಂತ ಅದು ಕೆಳಗಿತ್ತು.

ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ, ಯಾಕೆಂದರೆ ಅಪ್ಪ ಅಮ್ಮನನ್ನು ಒಬ್ಬರನ್ನೇ ಕಳಿಸುವವರೆಲ್ಲ ಇದನ್ನು ತಿಳಿದಿರಬೇಕು. ಎರಡು ಎಂಜಿನ್ನಿನ ವಿಮಾನ ಎಲ್ಲಿ ಬೇಕೆಂದರಲ್ಲಿ ಹಾರೋ ಹಾಗಿಲ್ಲ. ಒಂದು ಎಂಜಿನ್ ನಿಂತರೆ, ಉಳಿದ ಒಂದರಲ್ಲೇ ಇಷ್ಟು ಹೊತ್ತಿನೊಳಗೆ ಇಳಿಯಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು ಅಂತ ಕಟ್ಟುನಿಟ್ಟು ಇದೆ. ದಾರಿ ಬಳುಕೋದು ಅದಕ್ಕೂ ಹೌದು. ಮಗದಾನ್ ಅವತ್ತು ಅದೇ ಕೆಲಸಕ್ಕೆ ಬಂತು. ಅಮ್ಮ ಪೂರ್ತಿ ಕೇಳಿ, “ಹಾಗಾದ್ರೆ ದಾರಿಯಲ್ಲಿ ಛತ್ರಗಳಿವೆ ಅನ್ನು” ಅಂದಳು. ಹೌದು, ಛತ್ರಗಳೇ.

ಬರುವ ದಾರಿ ಬೇರೆ. ಆ ಗಾಳಿಯ ಹೊಳೆಗೆ ಎದುರಾಗಿ ಪೆಸಿಫಿಕ್ ಮೇಲೆ ಬೆಂಗಳೂರಿಗೆ ಬರುತ್ತಿರಲಿಲ್ಲ. ಧ್ರುವದ ಕಡೆ ಹತ್ತಿ ಇಳಿಯುತ್ತಿದ್ದರು. ಈ ಊರುಗಳ ನಡುವೆ ಮೊದಲ ನೇರ ವಿಮಾನ ಬಂದಿದ್ದೂ ಹಾಗೆಯೇ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಬೆಂಗಳೂರಿಗೆ ಬಂತು. ಸುಮಾರು 16,000 ಕಿಲೋಮೀಟರ್, ಹದಿನೇಳು ಗಂಟೆಗೂ ಮೇಲೆ. ಕ್ಯಾಪ್ಟನ್ ಝೋಯಾ ಅಗರ್ವಾಲ್, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ನಾಲ್ವರು ಪೈಲಟ್‌ಗಳೂ ಹೆಂಗಸರು. ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅಮ್ಮನಿಗೆ ಇದನ್ನು ಹೇಳಿದೆ. ಅವಳ ಮುಖ ಸ್ವಲ್ಪ ಸಡಿಲ ಆಯ್ತು.

ಆ ರಾತ್ರಿ ನಾನು ಫೋನಿನಲ್ಲಿ ಅವಳ ವಿಮಾನವನ್ನು ನೋಡುತ್ತಾ ಕೂತಿದ್ದೆ. ಕೆನಡಾ ದಾಟಿದ ಮೇಲೆ ಸರಿಯಾದ ಸುದ್ದಿ ಬರೋದು ನಿಂತಿತು. ರಷ್ಯಾದ ಮೇಲೆ ಮತ್ತೆ ಕಾಣುವ ತನಕ ನಾನು ಮಲಗಲಿಲ್ಲ.

ಭಾನುವಾರ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದು ಕಾರಲ್ಲಿ ಕೂತ ತಕ್ಷಣ ಅಮ್ಮ ಫೋನ್ ಮಾಡಿದಳು. ದಣಿದಿದ್ದಳು, ಆದರೆ ಮಾತು ನಿಲ್ಲಲಿಲ್ಲ.

“ರಾತ್ರಿ ಆಗಲೇ ಇಲ್ಲ ಕಣೋ. ಹೊರಟಾಗ ಸೂರ್ಯ ಮುಳುಗಿದ್ದ, ಆದರೆ ಕೆಂಪು ಆರಲಿಲ್ಲ. ಎರಡು ಮೂರು ಗಂಟೆ ಅದೇ ಕೆಂಪು. ಆಮೇಲೆ ಅದರಿಂದಲೇ ಮತ್ತೆ ಮೇಲೆ ಬಂದ. ಪೂರ್ವದಲ್ಲಿ ಅಲ್ಲ, ಉತ್ತರದಲ್ಲಿ! ಪಕ್ಕದ ಹಾಸನದವರನ್ನ ಕೇಳಿದೆ, ಹೌದು ಉತ್ತರವೇ ಅಂದರು. ಆಮೇಲೆ ಯಾವಾಗ ಕಿಟಕಿ ತೆಗೆದರೂ ಬೆಳಕು. ಕೆಳಗೆ ಬರೀ ಬಿಳಿ.”

ಜೂನ್ ಕೊನೆಯ ವಾರ ಅಲ್ಲಿ ಸೂರ್ಯ ಮುಳುಗೋದೇ ಇಲ್ಲ ಅಂತ ನಾನು ವಿವರಿಸೋಕೆ ಹೊರಟೆ. ಅವಳಿಗೆ ಅದು ಬೇಕಾಗಿರಲಿಲ್ಲ. “ಗೊತ್ತು. ನಮ್ಮ ಆರು ತಿಂಗಳು ದೇವತೆಗಳಿಗೆ ಒಂದು ಹಗಲು ಅಂತ ಹೇಳಲ್ವಾ, ಮೇರು ಪರ್ವತದಲ್ಲಿ? ನಾನು ಅಲ್ಲಿಂದಲೇ ಬಂದೆ.”

ನಿಜ. ಸೂರ್ಯಸಿದ್ಧಾಂತದಲ್ಲಿ ಮೇರು ಇರೋದು ಉತ್ತರ ಧ್ರುವದಲ್ಲೇ. ಅಲ್ಲಿರುವವರಿಗೆ ಸೂರ್ಯ ಆರು ತಿಂಗಳು ಕಾಣುತ್ತಾನೆ, ಆರು ತಿಂಗಳು ಕಾಣಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹೋಗಿ ನೋಡದೆ, ಬರೀ ಲೆಕ್ಕದಿಂದ ಕಂಡುಕೊಂಡವರು. ನಮ್ಮಮ್ಮ ಹೋಗಿ ನೋಡಿ ಬಂದಳು. ಆ ಮಾತು ನನ್ನ ಗಂಟಲು ಕಟ್ಟಿಸಿತು.

“ಸರಿ, ಹಾಗಾದ್ರೆ ಎಷ್ಟು ರಾತ್ರಿ ಆಯ್ತು?” ಅಂತ ಕೇಳಿದೆ.

“ಕೊನೆಗೆ ಇಳಿಯೋ ಮುಂಚೆ ಒಂದು ಐದಾರು ಗಂಟೆ ಕತ್ತಲು ಇತ್ತು. ಶುರುವಿನಲ್ಲಿ ಚೂರು. ಎರಡನ್ನೂ ಸೇರಿಸಿದರೂ ಒಂದು ರಾತ್ರಿ ಆಗಲ್ಲ. ಬರೋದು ಹತ್ತಿರ, ಹೋಗೋದು ದೂರ.”

ನಮ್ಮ ಗಡಿಯಾರದಲ್ಲಿ ಬರೋದೇ ಒಂದೂವರೆ ಗಂಟೆ ಜಾಸ್ತಿ ಹಿಡಿದಿತ್ತು. ನಾನು ತಿದ್ದಲಿಲ್ಲ.

“ಆದರೆ ನನ್ನ ಶನಿವಾರ ಅರ್ಧಕ್ಕರ್ಧ ಹೋಯ್ತು. ಒಪ್ಪತ್ತು ಮಾಡೋಕೂ ಸರಿಯಾಗಿ ಹೊತ್ತು ಸಿಗಲಿಲ್ಲ” ಅಂದಳು. ಬೇಸಿಗೆಯಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಅವಳ ಶನಿವಾರ ಹನ್ನೊಂದೂವರೆ ಗಂಟೆಗೆ ಮುಗಿದಿತ್ತು. ಅದನ್ನು ಹೇಳಿದೆ. ಆ ಕಡೆ ಚೀಲ ತೆಗೆಯುವ ಸದ್ದು, ಹಾಳೆ ತಿರುಗಿಸುವ ಸದ್ದು. ಕಾರು ಆಗ ಹೆಬ್ಬಾಳ ದಾಟುತ್ತಿತ್ತಂತೆ. ಬೀದಿದೀಪದ ಬೆಳಕಲ್ಲೇ ಪಂಚಾಂಗ ಹಿಡಿದು ಓದಿದಳು.

“ಹೋಗುವಾಗ ಬಂದಿದ್ದು ಹದಿಮೂರೂವರೆ. ಮಾರ್ಚಿನಲ್ಲಿ ಹೋಗಿದ್ದು ಒಂದು. ಈಗ ಹೋಗಿದ್ದು ಹನ್ನೆರಡೂವರೆ.” ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸರಿಹೋಯ್ತು. ಒಂದು ನಿಮಿಷವೂ ಬಾಕಿ ಇಲ್ಲ.”

ಪ್ರಥಮ ಏಕಾದಶಿಯ ಬೆಳಿಗ್ಗೆ ಮಠದಿಂದ ಬಂದು ಒಂಬತ್ತು ಗಂಟೆಗೆ ಫೋನ್ ಮಾಡಿದಳು. ನನಗೆ ಹಿಂದಿನ ದಿನದ ರಾತ್ರಿ ಎಂಟೂವರೆ, ಆಗಷ್ಟೇ ತಟ್ಟೆಗೆ ಅನ್ನ ಹಾಕಿಕೊಂಡಿದ್ದೆ. ಮುದ್ರೆ ಒತ್ತಿಸಿಕೊಂಡ ತೋಳನ್ನು ಕ್ಯಾಮೆರಾಗೆ ತೋರಿಸಿದಳು. ಚಕ್ರದ ಗೆರೆಗಳು ಕೆಂಪಗೆ ಎದ್ದಿದ್ದವು.

“ನಿಮ್ಮಲ್ಲೂ ಏಕಾದಶಿ ತಿಥಿ ಬಂದಾಯ್ತು, ನೋಡಿದೆ” ಅಂದಳು.

ನಾನು ತಟ್ಟೆ ನೋಡಿದೆ.

“ನೀನು ಊಟ ಮಾಡು. ನಿನಗಿನ್ನೂ ಸೂರ್ಯ ಹುಟ್ಟಿಲ್ಲ.”